ಹಳೇ ಆಕ್ಟೇವಿಯಾ ವಿಆರ್‌ಎಸ್: ಐಡ್ಲಿಂಗ್‌ನಲ್ಲಿ ನಡುಕ, ರೇಸ್ ಕೊಟ್ಟರೆ ಕಪ್ಪು ಹೊಗೆ, ಸೈಲೆನ್ಸರ್‌ನಲ್ಲಿ ಢಂ ಢಂ

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಗಾಡಿ 2005ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. 1.8 ಟರ್ಬೊ ಪೆಟ್ರೋಲ್, 1781 ಸಿಸಿ, 20 ವಾಲ್ವ್, 150 ಪಿಎಸ್. ಎಂಜಿನ್‌ಗೆ ಯಾವ ಟ್ಯೂನಿಂಗೂ ಆಗಿಲ್ಲ, ಕಂಪನಿಯಿಂದ ಬಂದ ಹಾಗೇ ಇದೆ.

ತೊಂದರೆ ಹೀಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಬಿಟ್ಟರೆ ಎಂಜಿನ್ ನಡುಗುತ್ತೆ, ಸ್ಟೇರಿಂಗ್‌ವರೆಗೂ ಗೊತ್ತಾಗುತ್ತೆ. ಆಗಾಗ ಬಾನೆಟ್ ಕೆಳಗಿಂದ ಸಣ್ಣಗೆ 'ಫಟ್' ಅನ್ನುತ್ತೆ. ಬಿಸಿಯಾದ ಮೇಲೆ ನಡುಕ ಸ್ವಲ್ಪ ಕಮ್ಮಿ. ಆದರೆ ರೋಡಿಗೆ ಇಳಿದು ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಪಿಕಪ್ ಇಲ್ಲ, ಹಿಂದೆ ಕಪ್ಪು ಹೊಗೆ. ಕಾಲು ತೆಗೆದ ತಕ್ಷಣ ಸೈಲೆನ್ಸರ್‌ನಲ್ಲಿ ಢಂ ಢಂ. ಆಗುಂಬೆ ಘಾಟಿ ಹತ್ತುವಾಗ ಚೆಕ್ ಎಂಜಿನ್ ದೀಪ ಮಿನುಗೋಕೆ ಶುರುವಾಯ್ತು, ನಿಧಾನಕ್ಕೆ ವಾಪಸ್ ಬಂದೆ.

ಇಲ್ಲಿನ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಆಮೇಲೆ ಪ್ಲಗ್‌ಗೆ ಕರೆಂಟ್ ಕೊಡೋ ನಾಲ್ಕೂ ಕಾಯಿಲ್ ಬದಲಾಯಿಸಿದರು. ಏನೂ ವ್ಯತ್ಯಾಸ ಇಲ್ಲ. ಈಗ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಭಾಗ) ಹೋಗಿದೆ, ಹೊಸದು ಹಾಕಬೇಕು ಅಂತಿದಾರೆ. ಟರ್ಬೊ ಬೆಲೆ ಕೇಳಿದರೆ ಗಾಡಿಯನ್ನೇ ಮಾರಬೇಕು ಅನ್ನಿಸುತ್ತೆ. ಅಪ್ಪ ತಗೊಂಡ ಗಾಡಿ, ಮಾರೋಕೆ ಮನಸ್ಸಿಲ್ಲ. ದಯವಿಟ್ಟು ಗೊತ್ತಿರೋರು ದಾರಿ ತೋರಿಸಿ.

ಸ್ಪಾನರ್_ಅಣ್ಣ, ಮಂಗಳೂರು

ಮಾರಾಯ್ರೆ, ಮೊದಲು ಒಂದು ಮಾತು. ಇನ್ನು ಮುಂದೆ ಒಂದು ಸ್ಕ್ರೂ ಕೂಡ ದುಡ್ಡು ಕೊಟ್ಟು ತರಬೇಡಿ, ಕಾರಣ ಗೊತ್ತಾಗೋವರೆಗೆ. ಎರಡನೇ ಮಾತು, ಚೆಕ್ ಎಂಜಿನ್ ದೀಪ ಸುಮ್ನೆ ಹತ್ತಿಕೊಂಡಿದ್ದರೆ ಗಾಡಿ ಓಡಿಸಬಹುದು. ಮಿನುಗಿದರೆ ಓಡಿಸಬಾರದು. ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆಗೆ ಹೋಗ್ತಿದೆ, ಅಲ್ಲಿ ಉರಿದು, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕರಗಿಸುತ್ತೆ ಅಂತ ಅದರ ಅರ್ಥ. ಕನ್ವರ್ಟರ್ ಕರಗಿ ದಾರಿ ಕಟ್ಟಿಕೊಂಡರೆ ಆಗ ನಿಜವಾಗಿಯೂ ಟರ್ಬೊಗೆ ಕುತ್ತು.

ಟರ್ಬೊ ಹೋಗಿದೆ ಅನ್ನೋದನ್ನು ನಾನು ಒಪ್ಪಲ್ಲ. ಟರ್ಬೊ ಸೀಲ್ ಹೋದರೆ ಎಣ್ಣೆ ಉರಿದು ನೀಲಿ ಹೊಗೆ ಬರುತ್ತೆ. ಕಪ್ಪು ಹೊಗೆ ಅಂದರೆ ಪೆಟ್ರೋಲು ಜಾಸ್ತಿ. ಶಾಫ್ಟ್ ಹಿಡಿದು ಅಲ್ಲಾಡಿಸಿ 'ನೋಡಿ ಆಡ್ತಿದೆ' ಅಂತ ತೋರಿಸಿದರೇನೋ? ಆ ಬೇರಿಂಗು ಎಣ್ಣೆಯ ಪದರದ ಮೇಲೆ ತೇಲೋದು. ಎಂಜಿನ್ ಬಂದ್ ಇದ್ದಾಗ ಅಡ್ಡಕ್ಕೆ ಸ್ವಲ್ಪ ಆಡೋದು ಸಹಜ. ಹಿಂದೆ ಮುಂದೆ ಆಡಿದರೆ, ಇಲ್ಲಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಮಾತ್ರ ಚಿಂತೆ.

ಈಗ ನನಗೆ ಬೇಕಾಗಿರೋದು ಇಷ್ಟು:

'ಫಟ್' ಸದ್ದು ಖಚಿತವಾಗಿ ಎಲ್ಲಿಂದ? ಏರ್ ಫಿಲ್ಟರ್ ಡಬ್ಬದ ಕಡೆಯಿಂದ ಬರುತ್ತಾ, ಸೈಲೆನ್ಸರ್ ಕಡೆಯಿಂದಲಾ? ಈ ಎರಡನ್ನೂ ಜನ 'ಬ್ಯಾಕ್‌ಫೈರ್' ಅಂತ ಒಂದೇ ಹೆಸರಲ್ಲಿ ಕರೀತಾರೆ, ಆದರೆ ಕಾರಣ ಸಾಮಾನ್ಯವಾಗಿ ಉಲ್ಟಾ. ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ ಆದರೆ ಮಿಶ್ರಣ ನಿಧಾನಕ್ಕೆ ಉರಿಯುತ್ತೆ. ಗಾಳಿ ಒಳಗೆ ಬಿಡೋ ಇನ್‌ಟೇಕ್ ವಾಲ್ವ್ ಮತ್ತೆ ತೆರೆಯುವ ಹೊತ್ತಿಗೂ ಒಳಗೆ ಬೆಂಕಿ ಇರುತ್ತೆ, ಅದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಪೈಪು) ಕಡೆ ನುಗ್ಗಿ 'ಫಟ್' ಅನ್ನುತ್ತೆ. ಪೆಟ್ರೋಲು ಜಾಸ್ತಿ ಆದರೆ ಉಳಿದದ್ದು ಹೊರಗೆ ಹೋಗಿ ಬಿಸಿ ಪೈಪಿನಲ್ಲಿ ಸಿಡಿಯುತ್ತೆ. ಅದು ಢಂ.

ಆಮೇಲೆ ಗಾಡಿಯ ಕಂಪ್ಯೂಟರ್ ಓದೋ ಒಂದು ಸ್ಕ್ಯಾನರ್ ಹುಡುಕಿ. ಈ ಗಾಡಿಗೆ ವಿಸಿಡಿಎಸ್ (ಸ್ಕೋಡಾ, ಫೋಕ್ಸ್‌ವ್ಯಾಗನ್ ಗಾಡಿಗಳ ಸ್ಕ್ಯಾನ್ ಸಾಫ್ಟ್‌ವೇರ್) ಇದ್ದರೆ ಬಹಳ ಒಳ್ಳೇದು. ದೋಷದ ಕೋಡ್‌ಗಳನ್ನು ಅಳಿಸೋ ಮೊದಲು ಬರೆದುಕೊಳ್ಳಿ. ಅದರಲ್ಲಿ ಮೆಷರಿಂಗ್ ಬ್ಲಾಕ್ ಅಂತ ಅಳತೆಗಳ ಪಟ್ಟಿಗಳಿರುತ್ತೆ. ಬ್ಲಾಕ್ 002ರಲ್ಲಿ ಗಾಳಿಯ ಅಳತೆ, 032ರಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಇಂಧನ ಎಷ್ಟು ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋದು) ಎರಡು ಸಂಖ್ಯೆ, 015 ಮತ್ತು 016ರಲ್ಲಿ ಯಾವ ಸಿಲಿಂಡರ್ ಎಷ್ಟು ಮಿಸ್ ಹೊಡೀತಿದೆ, ಅಂದರೆ ಸರಿಯಾಗಿ ಉರಿಯದೆ ಬಿಡ್ತಿದೆ, ಅನ್ನೋದು. ಇಷ್ಟು ಹಾಕಿ, ಮುಂದೆ ನೋಡುವ.

ಪೋಲೊ_ಹುಡ್ಗ, ಬೆಂಗಳೂರು

ಅಣ್ಣ, ಕಾಲು ತೆಗೆದಾಗ ಢಂ ಢಂ ಬರೋದು ಟರ್ಬೊ ಗಾಡಿಗೆ ಮಾಮೂಲಿ ಅಲ್ವಾ? ನಮ್ಮ ಫ್ರೆಂಡ್ಸ್ ದುಡ್ಡು ಕೊಟ್ಟು ಆ ಸದ್ದು ಹಾಕಿಸ್ಕೋತಾರೆ. ಹೊರಗೆ ಗಾಳಿ ಬಿಡೋ ಬ್ಲೋ ಆಫ್ ವಾಲ್ವ್ ಹಾಕಿದರೂ ಹಾಗೇ ಬರುತ್ತೆ. ಹಿಂದಿನ ಓನರ್ ಯಾರಾದ್ರೂ ಹಾಕಿಸಿರಬಹುದಾ?

ಸ್ಪಾನರ್_ಅಣ್ಣ, ಮಂಗಳೂರು

ಒಳ್ಳೇ ಪ್ರಶ್ನೆ, ಇದರಲ್ಲೇ ಅರ್ಧ ಉತ್ತರ ಇದೆ. ದುಡ್ಡು ಕೊಟ್ಟು ಹಾಕಿಸೋ ಸದ್ದು ಬೇರೆ. ಕಾಲು ತೆಗೆದಾಗ ಪೆಟ್ರೋಲು ನಿಲ್ಲಿಸಬೇಕಾದ ಕಂಪ್ಯೂಟರ್‌ಗೆ ನಿಲ್ಲಿಸಬೇಡ ಅಂತ ಹೇಳಿ, ಕಿಡಿಯನ್ನು ತಡ ಮಾಡಿಸಿ, ಬೇಕಂತಲೇ ಪೈಪಿನಲ್ಲಿ ಸಿಡಿಸೋದು. ಅದು ಕನ್ವರ್ಟರ್‌ಗೂ ಟರ್ಬೊಗೂ ಹೊಡೆತ. ನನ್ನ ಕೈಯಲ್ಲಿ ಯಾರೂ ಅದನ್ನು ಮಾಡಿಸಿಕೊಳ್ಳೋಕೆ ಆಗಲ್ಲ.

ಬ್ಲೋ ಆಫ್ ವಾಲ್ವ್ ವಿಷಯಕ್ಕೆ ಬಂದರೆ, ಈ ಎಂಜಿನ್‌ನಲ್ಲಿ ಏರ್ ಫಿಲ್ಟರ್ ಆದ ಕೂಡಲೇ ಒಂದು ಗಾಳಿ ಅಳೆಯೋ ಸೆನ್ಸರ್ ಇದೆ, ಮಾಸ್ ಏರ್ ಫ್ಲೋ. ಅಲ್ಲಿ ದಾಟಿದ ಗಾಳಿ ಪೂರ್ತಿ ಸಿಲಿಂಡರ್‌ಗೇ ಹೋಗುತ್ತೆ ಅಂತ ಕಂಪ್ಯೂಟರ್ ನಂಬಿ, ಅದಕ್ಕೆ ತಕ್ಕಷ್ಟು ಪೆಟ್ರೋಲು ಬಿಡುತ್ತೆ. ಮೂಲ ಡೈವರ್ಟರ್ ವಾಲ್ವ್ ಉಳಿದ ಗಾಳಿಯನ್ನು ಟರ್ಬೊ ಹಿಂದಕ್ಕೇ ತಿರುಗಿಸುತ್ತೆ, ಲೆಕ್ಕ ತಪ್ಪಲ್ಲ. ಹೊರಗೆ ಬಿಡೋ ವಾಲ್ವ್ ಹಾಕಿದರೆ ಅಳೆದ ಗಾಳಿ ಆಕಾಶಕ್ಕೆ ಹೋಯ್ತು, ಅದರ ಪಾಲಿನ ಪೆಟ್ರೋಲು ಮಾತ್ರ ಒಳಗೆ ಬಂತು. ಗೇರ್ ಬದಲಾಯಿಸೋವಾಗ ಢಂ ಅನ್ನೋದು ಅದಕ್ಕೆ.

ಇದನ್ನು ನೆನಪಿಟ್ಟುಕೊಳ್ಳಿ. ಅಳೆದ ಗಾಳಿ ಸೋರಿದರೆ ಪೆಟ್ರೋಲು ಜಾಸ್ತಿ. ಅಳೆಯದ ಗಾಳಿ ಒಳಗೆ ನುಸುಳಿದರೆ ಪೆಟ್ರೋಲು ಕಮ್ಮಿ.

ಕೆಮಿಸ್ಟ್ರಿ_ಮೇಷ್ಟ್ರು, ಮೈಸೂರು

ಎಲ್ಲರೂ ಗಾಳಿ ಬಗ್ಗೆ ಹೇಳ್ತಿದೀರಿ, ಪೆಟ್ರೋಲು ಯಾವುದು ಅಂತ ಯಾರೂ ಕೇಳಲಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲು, ಬಿಡುಗಡೆ ಆಯ್ತು, ಈಗ ಎಲ್ಲಾ ಬಂಕಿನಲ್ಲೂ ಅದೇ. ಶುದ್ಧ ಪೆಟ್ರೋಲಿಗೆ 1 ಕೆ.ಜಿ.ಗೆ 14.7 ಕೆ.ಜಿ. ಗಾಳಿ ಬೇಕು. ಎಥನಾಲ್‌ಗೆ 9 ಸಾಕು. 20 ಭಾಗ ಎಥನಾಲ್ ಸೇರಿದರೆ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತೆ. ಅಂದರೆ ಅದೇ ಗಾಳಿಗೆ ಇಂಧನ ಜಾಸ್ತಿ ಸುರಿಯಬೇಕು. 2005ರ ಗಾಡಿಯ ಕಂಪ್ಯೂಟರ್ ಇದನ್ನು ಊಹಿಸಿರಲಿಲ್ಲ, ಮಿಶ್ರಣ ತೆಳುವಾಗೋದು, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇಲ್ಲದಿರೋದು, ಸಹಜ. ಜೊತೆಗೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂರಬಹುದು. ಮೊದಲು ಟ್ಯಾಂಕ್ ಖಾಲಿ ಮಾಡಿಸಿ ಅಂತ ನನ್ನ ಸಲಹೆ.

ಹುಬ್ಬಳ್ಳಿ_ಟರ್ಬೊ

ಮೇಷ್ಟ್ರ ಮಾತು ಖರೇ ಅದ, ಆದ್ರ ಇ20ಕ್ಕೆ ಕಪ್ಪು ಹೊಗಿ ಬರೂದಿಲ್ರಿ.

ನನ್ನ ಅನುಮಾನ ಟೈಮಿಂಗ್ ಬೆಲ್ಟ್ ಮ್ಯಾಲೆ, ವಾಲ್ವ್ ತೆರೆಯೋ ಹೊತ್ತು ಸರಿಯಾಗಿಡೋ ಬೆಲ್ಟ್ ಅದು. ಈಚೆಗೆ ಬೆಲ್ಟ್ ಕೆಲಸ ಆಗಿದೆಯಾ ಸರ್? ಒಂದು ಹಲ್ಲು ಆಚೆ ಈಚೆ ಕೂತರೂ ಇದೇ ಥರ ನಡುಗುತ್ತೆ. ಈ ಎಂಜಿನ್‌ನಲ್ಲಿ ಬೆಲ್ಟು ಎಕ್ಸಾಸ್ಟ್ ಕ್ಯಾಮ್ (ಹೊಗೆ ಬಿಡೋ ವಾಲ್ವ್ ತೆರೆಯೋ ದಂಡ) ತಿರುಗಿಸುತ್ತೆ, ಇನ್ನೊಂದು ತುದಿಯಲ್ಲಿ ಸಣ್ಣ ಚೈನು ಇನ್‌ಟೇಕ್ ಕ್ಯಾಮ್ ತಿರುಗಿಸುತ್ತೆ. ಬೆಲ್ಟ್ ತುಂಡಾದರೆ ವಾಲ್ವು ಪಿಸ್ಟನ್‌ಗೆ ಬಡೀತಾವ, ಆಮೇಲೆ ಎಂಜಿನ್ ಬಿಚ್ಚಲೇಬೇಕು.

ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಏಳೋ ಒತ್ತಡ, ಕೂಡ ನೋಡಿಸಿ. 7 ಬಾರ್‌ಗಿಂತ ಕೆಳಗಿದ್ದರೆ ಎಂಜಿನ್ ಸವೆದಿದೆ ಅಂತ. ನಾಲ್ಕು ಸಿಲಿಂಡರ್ ಮಧ್ಯೆ 3 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಮತ್ತ ಕಾಯಿಲ್ ಹೊಸದು ಹಾಕಿದ್ರೂ ನಂಬಬೇಡ್ರಿ, ಡುಪ್ಲಿಕೇಟ್ ಬಹಳ ಬರ್ತಾವ. ಮಿಸ್ ಹೊಡೆಯೋ ಸಿಲಿಂಡರ್‌ನ ಕಾಯಿಲ್ ತೆಗೆದು ಪಕ್ಕದ್ದಕ್ಕೆ ಹಾಕಿ ನೋಡಿ. ಮಿಸ್ಸಿಂಗು ಅದರ ಹಿಂದೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಕಾಯಿಲ್‌ದ್ದು ತಪ್ಪಿಲ್ಲ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಒಬ್ಬ ಪರಿಚಯದವರ ಹತ್ತಿರ ವಿಸಿಡಿಎಸ್ ಇತ್ತು, ಮನೆ ಹತ್ತಿರವೇ ತಂದು ನೋಡಿದರು. ಇಲ್ಲಿದೆ:

ಕೋಡ್ 17544: ಮಿಶ್ರಣ ತೆಳು, ಐಡ್ಲಿಂಗ್ ಟ್ರಿಮ್
ಕೋಡ್ 16684: ಮಿಸ್‌ಫೈರ್, ನಿರ್ದಿಷ್ಟ ಸಿಲಿಂಡರ್ ಅಂತಿಲ್ಲ

ಬ್ಲಾಕ್ 002, ಬಿಸಿ ಎಂಜಿನ್, ಐಡ್ಲಿಂಗ್: ಸೆಕೆಂಡಿಗೆ 2.1 ಗ್ರಾಂ ಗಾಳಿ
ಬ್ಲಾಕ್ 032: ಮೊದಲನೇ ಸಂಖ್ಯೆ +9.4, ಎರಡನೇದು +6.2
ಬ್ಲಾಕ್ 015, 016: ನಾಲ್ಕೂ ಸಿಲಿಂಡರ್‌ನಲ್ಲಿ ಸ್ವಲ್ಪ ಸ್ವಲ್ಪ ಮಿಸ್ಸಿಂಗ್, ಯಾವುದೂ ಎದ್ದು ಕಾಣಲ್ಲ

ಸಣ್ಣ 'ಫಟ್' ಖಂಡಿತ ಏರ್ ಫಿಲ್ಟರ್ ಕಡೆಯದು, ಕಿವಿ ಕೊಟ್ಟು ಕೇಳಿದೆ. ಅದು ಐಡ್ಲಿಂಗ್‌ನಲ್ಲಿ ಮಾತ್ರ. ಢಂ ಢಂ ಸೈಲೆನ್ಸರ್‌ನದು, ಅದು ಜೋರಾಗಿ ಎಳೆದು ಕಾಲು ಬಿಟ್ಟಾಗ ಮಾತ್ರ. ಹಾಗಾದರೆ ಗಾಡಿಯಲ್ಲಿ ಎರಡೂ ಕಾಯಿಲೆ ಇದೆಯಾ?

ಬೆಲ್ಟ್ ಕೆಲಸ ಆಗಿ ಬಹಳ ಕಾಲ ಆಯ್ತು, ಆಮೇಲೂ ಗಾಡಿ ಚೆನ್ನಾಗಿಯೇ ಓಡಿದೆ. ಡೈವರ್ಟರ್ ವಾಲ್ವ್ ಕಂಪನಿಯದ್ದೇ.

ಸ್ಪಾನರ್_ಅಣ್ಣ, ಮಂಗಳೂರು

ತುಂಬ ಚೆಂದ ಮಾಡಿದ್ರಿ ಮಾರಾಯ್ರೆ. ಈ ನಾಲ್ಕು ಸಾಲಿನಲ್ಲಿ ಎಷ್ಟು ವಿಷಯ ಇದೆ ನೋಡಿ.

ಮಿಸ್ಸಿಂಗು ನಾಲ್ಕೂ ಸಿಲಿಂಡರ್‌ನಲ್ಲಿ ಸಮನಾಗಿದೆ. ಪ್ಲಗ್, ಕಾಯಿಲ್, ಪೆಟ್ರೋಲು ಚಿಮುಕಿಸೋ ಇಂಜೆಕ್ಟರ್ ಕೆಟ್ಟರೆ ಸಾಮಾನ್ಯವಾಗಿ ಒಂದೋ ಎರಡೋ ಸಿಲಿಂಡರ್ ಹೆಸರು ಬರುತ್ತೆ. ನಾಲ್ಕಕ್ಕೂ ಒಟ್ಟಿಗೆ ಬಂದರೆ ನಾಲ್ಕಕ್ಕೂ ಹಂಚಿಕೆಯಾಗೋ ವಸ್ತು ನೋಡಬೇಕು. ಗಾಳಿ, ಇಂಧನದ ಒತ್ತಡ, ಟೈಮಿಂಗ್.

ಈಗ 032. ಮೊದಲನೇ ಸಂಖ್ಯೆ ಐಡ್ಲಿಂಗ್‌ನದು. ಎಂಜಿನ್ ಯಾವ ಸ್ಪೀಡಿನಲ್ಲಿದ್ದರೂ ಒಂದೇ ಪ್ರಮಾಣದಲ್ಲಿ ಸೇರಿಸೋ ಇಂಧನ ಅದು. ಎರಡನೇದು ಗುಣಿಸೋ ಲೆಕ್ಕ, ಓಡುವಾಗ ಶೇಕಡಾವಾರು ಎಷ್ಟು ಜಾಸ್ತಿ ಅಂತ. ಮೇಷ್ಟ್ರೇ, ನಿಮ್ಮ ಇ20 ಎಲ್ಲಾ ಕಡೆ ಒಂದೇ ಶೇಕಡಾವಾರಿನಲ್ಲಿ ಇಂಧನ ಕೇಳುತ್ತೆ, ಹಾಗಾಗಿ ಎರಡನೇ ಸಂಖ್ಯೆಯಲ್ಲಿ ಕಾಣಬೇಕು. ಆ +6ರ ಬಹುಪಾಲು ನಿಮ್ಮದೇ, ಒಪ್ಪಿದೆ. ಆದರೆ ಮೊದಲನೇ ಸಂಖ್ಯೆ +9 ಆಗೋದು ಗಾಳಿ ಸೋರಿಕೆಗೆ. ಒಂದು ಸಣ್ಣ ಬಿರುಕಿನಿಂದ ನುಸುಳೋ ಗಾಳಿ ಐಡ್ಲಿಂಗ್‌ನಲ್ಲಿ ದೊಡ್ಡ ಪಾಲು, ಹೈವೇಯಲ್ಲಿ ಲೆಕ್ಕಕ್ಕೇ ಇಲ್ಲ.

ಗಾಳಿಯ ಅಳತೆ 2.1 ಗ್ರಾಂ. ಈ ಎಂಜಿನ್‌ಗೆ ಬಿಸಿ ಐಡ್ಲಿಂಗ್‌ನಲ್ಲಿ 2ರಿಂದ 4 ಬರುತ್ತೆ. ಕೆಳಗಿನ ಅಂಚಿನಲ್ಲಿದೆ, ಅಂದರೆ ಸ್ವಲ್ಪ ಗಾಳಿ ಸೆನ್ಸರ್ ದಾಟದೆ ಬೇರೆ ದಾರಿ ಹಿಡಿದಿದೆ.

ಇನ್ನು ಎರಡು ಕಾಯಿಲೆ ಯಾಕೆ ಅಂತ ಕೇಳಿದ್ರಲ್ಲ. ಕಾಯಿಲೆ ಒಂದೇ ಇರಬಹುದು. ಥ್ರಾಟಲ್ ಬಾಡಿ (ಆಕ್ಸಿಲರೇಟರ್ ಒತ್ತಿದಂತೆ ತೆರೆಯೋ ಗಾಳಿಯ ಬಾಗಿಲು) ಆದ ಮೇಲೆ, ಅಂದರೆ ಮ್ಯಾನಿಫೋಲ್ಡ್ ಹತ್ತಿರ, ಒಂದು ಹೋಸ್ ಬಿರಿದಿದೆ ಅಂದುಕೊಳ್ಳಿ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಒಳಗೆ ನಿರ್ವಾತ. ಬಿರುಕು ಉಸಿರು ಒಳಗೆ ಎಳೆಯುತ್ತೆ, ಅಳೆಯದ ಗಾಳಿ ಬಂತು, ಮಿಶ್ರಣ ತೆಳು, ನಡುಕ, 'ಫಟ್'. ಜೋರಾಗಿ ಎಳೆದಾಗ ಟರ್ಬೊ ಅದೇ ಮ್ಯಾನಿಫೋಲ್ಡ್‌ಗೆ ಅರ್ಧ ಬಾರ್ ಆಸುಪಾಸು ಒತ್ತಡ ತುಂಬುತ್ತೆ. ಅದೇ ಬಿರುಕು ಈಗ ಉಸಿರು ಹೊರಗೆ ಬಿಡುತ್ತೆ. ಅಳೆದ ಗಾಳಿ ಹೋಯ್ತು, ಪೆಟ್ರೋಲು ಉಳಿಯಿತು, ಕಪ್ಪು ಹೊಗೆ, ಪಿಕಪ್ ಇಲ್ಲ, ಢಂ. ಟರ್ಬೊ ಇಲ್ಲದ ಗಾಡಿಯಲ್ಲಿ ಒಂದೇ ತೂತು ಹೀಗೆ ಎರಡೂ ಕಡೆ ಕೆಲಸ ಮಾಡಲ್ಲ. ಅದಕ್ಕೇ ಮಾಮೂಲಿ ಗಾಡಿ ರಿಪೇರಿ ಮಾಡೋರಿಗೆ ಇದು ಗೋಜಲು ಅನ್ನಿಸೋದು.

ಈ ಎಂಜಿನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಎಣ್ಣೆ ಇರೋ ಕೆಳಭಾಗ) ಹೊಗೆ ಹೋಗೋ ಹೋಸ್‌ಗಳ ಒಂದು ಗೊಂಚಲೇ ಇದೆ. ಅಲ್ಲಿ ಎಣ್ಣೆ ಆವಿ, ಮೇಲಿಂದ ಎಂಜಿನ್ ಬಿಸಿ. 20 ವರ್ಷ ಕಳೆದ ರಬ್ಬರ್ ಯಾವ ಕಂಪನಿಯದ್ದಾದರೂ ಅಲ್ಲಿ ಉಳಿಯಲ್ಲ. ನನ್ನ ಕಣ್ಣು ಮೊದಲು ಹೋಗೋದು ಅಲ್ಲಿಗೆ. ಆದರೆ ಊಹೆ ಮೇಲೆ ಬಿಚ್ಚಬೇಡಿ, ಗಾಳಿ ತುಂಬಿ ನೋಡಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ನೀರಿನ ಪೈಪಿಗೆ ಹಾಕೋ ಪಿವಿಸಿ ಎಂಡ್ ಕ್ಯಾಪ್ ಸಿಗುತ್ತೆ. ಗಾಳಿ ಅಳೆಯೋ ಸೆನ್ಸರ್ ಆದಮೇಲಿನ ರಬ್ಬರ್ ಪೈಪಿನ ಬಾಯಿಗೆ ಬಿಗಿಯಾಗಿ ಕೂರೋ ಅಳತೆ ನೋಡಿ ತಗೊಳ್ಳಿ. ಪಂಚರ್ ಅಂಗಡಿಯವರ ಹತ್ತಿರ ಹೋಗಿ ಅದಕ್ಕೆ ತೂತು ಕೊರೆಸಿ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಸೆನ್ಸರ್ ಬಿಚ್ಚಿ ಪಕ್ಕಕ್ಕಿಟ್ಟು, ಪೈಪಿನ ಬಾಯಿಗೆ ಈ ಕ್ಯಾಪ್ ಹಾಕಿ ಕ್ಲಾಂಪ್ ಬಿಗಿ ಮಾಡಿ. ಎಂಜಿನ್ ಬಂದ್, ತಣ್ಣಗಿರಬೇಕು. ಈ ಗಾಡಿಯ ಥ್ರಾಟಲ್ ಬಂದ್ ಇದ್ದಾಗಲೂ ಕೂದಲೆಳೆ ತೆರೆದೇ ಇರುತ್ತೆ, ಹಾಗಾಗಿ ಗಾಳಿ ಮ್ಯಾನಿಫೋಲ್ಡ್‌ವರೆಗೂ ಹೋಗುತ್ತೆ. ಕಾಲಿನಿಂದ ಒತ್ತೋ ಪಂಪ್ ಸಾಕು. 7 ಪಿಎಸ್‌ಐ ದಾಟಿಸಬೇಡಿ. ಆಮೇಲೆ ಎಲ್ಲಾ ಜಾಯಿಂಟಿಗೂ ಸೋಪಿನ ನೀರು ಹೊಡೆದು ಗುಳ್ಳೆ ಹುಡುಕಿ.

ದುಬೈ_ಕನ್ನಡಿಗ

ಅಣ್ಣ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ನನ್ನ ಹತ್ತಿರ ಹಳೇ ಆಡಿ ಎ4 ಇದೆ, ಅದೇ 1.8 ಟರ್ಬೊ. ಹೀಗೆ ಗಾಳಿ ತುಂಬಿದಾಗ ಅದು ಬ್ರೀದರ್ (ಕ್ರ್ಯಾಂಕ್‌ಕೇಸ್ ಹೊಗೆ ಹೊರಗೆ ಬಿಡೋ) ಪೈಪಿನ ಮೂಲಕ ಕ್ರ್ಯಾಂಕ್‌ಕೇಸ್‌ಗೂ ಹೋಗುತ್ತೆ. ಅಲ್ಲಿ ಒತ್ತಡ ಜಾಸ್ತಿ ಆದರೆ ಆಯಿಲ್ ಸೀಲ್‌ಗೆ ಒಳ್ಳೇದಲ್ಲ, ಡಿಪ್‌ಸ್ಟಿಕ್ ಕೂಡ ಹಾರಿ ಬರಬಹುದು. ದಪ್ಪ ಬ್ರೀದರ್ ಹೋಸನ್ನು ಬಿಚ್ಚಿ ಎರಡೂ ಬಾಯಿ ಮುಚ್ಚಿ. ಎಣ್ಣೆ ಹಾಕೋ ಮುಚ್ಚಳ ತೆಗೆದಿಡಿ. ಬ್ರೀದರ್ ಮುಚ್ಚಿದ ಮೇಲೂ ಆ ಬಾಯಿಂದ ಜೋರಾಗಿ ಬುಸ್ ಅಂತ ಬಂದರೆ ಮ್ಯಾನಿಫೋಲ್ಡ್ ಕಡೆಯ ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡೋದು) ಹಿಡೀತಿಲ್ಲ ಅಂತ. ಸ್ವಲ್ಪ ಬಂದರೆ ತಲೆ ಕೆಡಿಸ್ಕೋಬೇಡಿ, ಪಿಸ್ಟನ್ ರಿಂಗ್ ಸಂದಿಯಿಂದ ಸೋರೋದು ಅಷ್ಟು ಇದ್ದೇ ಇರುತ್ತೆ.

ಹುಬ್ಬಳ್ಳಿ_ಟರ್ಬೊ

ಇನ್ನೊಂದು ಮಾತು. ಎಂಜಿನ್ ಓಡ್ತಿರುವಾಗ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕೋ ಪದ್ಧತಿ ಇದೆ. ಈ ಗಾಡಿಗೆ ಅದು ಬ್ಯಾಡ್ರಿ. ಟರ್ಬೊ ಕೆಂಡದಂಗ ಕಾದಿರ್ತದ, ಒಂದು ಹನಿ ಬಿದ್ದರೂ ಬೆಂಕಿ. ಹುಬ್ಬಳ್ಳಿಯಲ್ಲಿ ಒಂದು ಗಾಡಿ ಬಾನೆಟ್ ಸುಟ್ಟದ್ದು ನಾನೇ ನೋಡಿದೀನಿ. ಸೋಪಿನ ನೀರು, ತಣ್ಣಗಿನ ಎಂಜಿನ್. ಅಷ್ಟೇ.

ಕೆಮಿಸ್ಟ್ರಿ_ಮೇಷ್ಟ್ರು, ಮೈಸೂರು

ಸ್ಪಾನರ್ ಅಣ್ಣನವರ ವಿವರಣೆ ಮನಸ್ಸಿಗೆ ಒಪ್ಪಿತು. ಎರಡು ಸಂಖ್ಯೆಯಲ್ಲಿ ಇಂಧನವನ್ನೂ ಸೋರಿಕೆಯನ್ನೂ ಬೇರೆ ಮಾಡಬಹುದು ಅನ್ನೋದು ನನಗೆ ಹೊಸದು. ಒಂದು ಸಂಶಯ. ಇಂಧನದ ಒತ್ತಡ ಕಮ್ಮಿ ಇದ್ದರೂ ಎರಡನೇ ಸಂಖ್ಯೆ ಏರಬೇಕಲ್ಲವೇ? ಬರೀ ಇ20 ಅಂತ ಹೇಗೆ ಹೇಳೋದು?

ಸ್ಪಾನರ್_ಅಣ್ಣ, ಮಂಗಳೂರು

ಸರಿ ಸಾರ್, ಏರುತ್ತೆ. ಅದಕ್ಕೆ ಗೇಜ್ ಹಾಕಿ ನೋಡಲೇಬೇಕು. ಈ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಸುಮಾರು 2.5 ಬಾರ್, ಇಂಧನ ಒತ್ತಡ ಹಿಡಿದಿಡೋ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಕಿತ್ತರೆ 3 ಬಾರ್ ಬರಬೇಕು. ಬಂದ್ ಮಾಡಿ 10 ನಿಮಿಷ ಆದ್ಮೇಲೂ 2 ಬಾರ್ ಉಳಿದಿರಬೇಕು. ಕಿತ್ತ ಹೋಸ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರ್ ಒಳಗಿನ ಪೊರೆ ಹರಿದಿದೆ, ಅದೂ ಕಪ್ಪು ಹೊಗೆಗೆ ಕಾರಣ. ಗಾಳಿ ಸೆನ್ಸರ್ ಮುಪ್ಪಾದರೂ ಎರಡನೇ ಸಂಖ್ಯೆ ಏರುತ್ತೆ. ಅದಕ್ಕೆ ಜೋರಾಗಿ ಎಳೆದಾಗ ಎಷ್ಟು ಗ್ರಾಂ ತೋರಿಸುತ್ತೆ ನೋಡಬೇಕು. 150 ಪಿಎಸ್‌ಗೆ 120ರ ಹತ್ತಿರ ಬಂದರೆ ಸೆನ್ಸರ್ ಆರೋಗ್ಯ. ಆದರೆ ಈಗ ಗಾಡಿ ಎಳೆಯೋದು ಬೇಡ, ಸೋರಿಕೆ ಮುಚ್ಚಿದ ಮೇಲೆ.

ಇನ್ನೊಂದು ಪುಕ್ಕಟೆ ಪರೀಕ್ಷೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಸ್ಕ್ಯಾನರ್‌ನಲ್ಲಿ ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ) ಬಿಸಿ ಎಷ್ಟು ಅಂತ ನೋಡಿ. ಹೊರಗಿನ ಹವೆಗೆ ಹೊಂದಬೇಕು. ಎಂಜಿನ್ ಕಾದ ಮೇಲೂ ತಣ್ಣಗಿದೆ ಅಂತ ಸೆನ್ಸರ್ ಸುಳ್ಳು ಹೇಳಿದರೆ ಕಂಪ್ಯೂಟರ್ ಪೆಟ್ರೋಲು ಸುರೀತಾನೇ ಇರುತ್ತೆ.

ತುಂಗಾತೀರ, ಶಿವಮೊಗ್ಗ

ಸಿಕ್ಕಿತು!

ಪಂಚರ್ ಅಂಗಡಿಯ ಹುಡುಗ ಕ್ಯಾಪ್‌ಗೆ ವಾಲ್ವ್ ಕೂರಿಸಿಕೊಟ್ಟ, ಯಾಕೆ ಅಂತ ಕೇಳಿ ಅವನೇ ಮನೆಗೆ ಬಂದು ಪಂಪ್ ಒತ್ತಿದ. 3 ಪಿಎಸ್‌ಐ ಬಂದಿದ್ದೇ ತಡ, ಮ್ಯಾನಿಫೋಲ್ಡ್ ಕೆಳಗಿಂದ ಶೀ ಅಂತ ಶಬ್ದ. ಮುಳ್ಳು ಅದಕ್ಕಿಂತ ಮೇಲೆ ಏರಲೇ ಇಲ್ಲ. ಸೋಪಿನ ನೀರು ಕೈಗೆ ಎಟುಕುವಷ್ಟು ಒಳಗೆ ಹೊಡೆದೆವು, ಕೆಳಗಿಂದ ನೊರೆ ಉಕ್ಕಿ ಬಂತು. ಮೊಬೈಲ್ ಕ್ಯಾಮೆರಾ ಒಳಗೆ ತೂರಿಸಿ ನೋಡಿದರೆ, ಮ್ಯಾನಿಫೋಲ್ಡ್‌ಗೂ ಚೆಕ್ ವಾಲ್ವ್‌ಗೂ ಮಧ್ಯದ ಬಾಗಿದ ಹೋಸ್. ಹೊರಗಡೆ ನೋಡೋಕೆ ಸರಿಯಾಗೇ ಇದೆ. ಬಾಗಿದ ಜಾಗದ ಒಳಮಗ್ಗುಲಲ್ಲಿ ಉದ್ದಕ್ಕೆ ಸೀಳಿದೆ. ಬಿಚ್ಚಿ ಕೈಯಲ್ಲಿ ಹಿಡಿದರೆ ರಬ್ಬರ್ ಮೆತ್ತಗಾಗಿ ಎಣ್ಣೆ ಕುಡಿದು ಊದಿಕೊಂಡಿದೆ. ಬೆರಳಲ್ಲಿ ಒತ್ತಿದರೆ ಸೀಳು ತುಟಿ ಬಿಚ್ಚುತ್ತೆ, ಬಿಟ್ಟರೆ ಮುಚ್ಚಿಕೊಳ್ಳುತ್ತೆ. ಮುಟ್ಟಿದ ಕಡೆಯೆಲ್ಲ ಬೆರಳು ಕಪ್ಪು.

ಬೆಳಿಗ್ಗೆ ಕೂಲಂಟ್ ಬಿಸಿ ನೋಡಿದೆ, 22 ಡಿಗ್ರಿ, ಹೊರಗಿನ ಹವೆಗೆ ಸರಿಯಾಗಿದೆ. ಇಂಧನ ಒತ್ತಡವನ್ನು ಇನ್ನೊಂದು ಗ್ಯಾರೇಜಿನಲ್ಲಿ ಗೇಜ್ ಹಾಕಿ ನೋಡಿಸಿದೆ, ಅಣ್ಣ ಹೇಳಿದ ಹಾಗೇ 2.5 ಮತ್ತು 3.

ಈಗ ಈ ಹೋಸ್ ಎಲ್ಲಿ ಸಿಗುತ್ತೆ? ಇಲ್ಲಿ ಕೇಳಿದರೆ ಸಿಲಿಕೋನ್ ಹೋಸ್ ಕತ್ತರಿಸಿ ಹಾಕ್ತೀವಿ ಅಂದರು, ನೀಲಿ ಬಣ್ಣದ್ದು.

ಸ್ಪಾನರ್_ಅಣ್ಣ, ಮಂಗಳೂರು

ಆ ನೀಲಿ ಸಿಲಿಕೋನ್ ಬೇಡ. ನೀರಿಗೆ, ಬರೀ ಗಾಳಿಗೆ ಚೆನ್ನಾಗಿರುತ್ತೆ. ಎಣ್ಣೆ ಆವಿ ಹೋಗೋ ಜಾಗದಲ್ಲಿ ಮಾಮೂಲಿ ಸಿಲಿಕೋನ್ ಎಣ್ಣೆ ಹೀರಿ ಬೆವರುತ್ತೆ, ಮೆತ್ತಗಾಗುತ್ತೆ. ಅಲ್ಲದೆ ಐಡ್ಲಿಂಗ್‌ನಲ್ಲಿ ಅಲ್ಲಿ ನಿರ್ವಾತ ಇರುತ್ತೆ, ಗೋಡೆ ತೆಳುವಾಗಿದ್ದರೆ ಹೋಸ್ ಒಳಕ್ಕೆ ಚಪ್ಪಟೆಯಾಗಿ ಕೂರುತ್ತೆ. ಆಗ ಕ್ರ್ಯಾಂಕ್‌ಕೇಸ್ ಹೊಗೆ ಹೋಗೋಕೆ ದಾರಿ ಇಲ್ಲದೆ ಎಣ್ಣೆ ಸೀಲ್‌ಗಳಿಂದ ಹೊರಗೆ ಬರುತ್ತೆ.

ಮೂಲ ಪಾರ್ಟ್ ಸಿಕ್ಕರೆ ಅದೇ ಉತ್ತಮ, ಆಕಾರ ಸರಿಯಾಗಿ ಕೂರುತ್ತೆ. ಪಾರ್ಟ್ ನಂಬರ್ ಹಳೇ ಹೋಸ್ ಮೇಲೆ ಅಚ್ಚಾಗಿರುತ್ತೆ, ಒರೆಸಿ ನೋಡಿ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಆ ನಂಬರ್ ಹಿಡಿದು ಕೇಳಿ. ಸಿಗದಿದ್ದರೆ ಒಳಗೆ ನೂಲಿನ ಹೆಣಿಗೆ ಇರೋ, ಎಣ್ಣೆ ಮತ್ತು ಪೆಟ್ರೋಲಿಗೆ ಅಂತಲೇ ಮಾಡಿದ ರಬ್ಬರ್ ಹೋಸ್ ತಗೊಳ್ಳಿ. ಬಾಗೋ ಕಡೆ ಮಡಿಕೆ ಬೀಳದ ಹಾಗೆ ನೋಡಿಕೊಳ್ಳಿ.

ಹಳೇ ಗುಜರಿ ಗಾಡಿಯಿಂದ ಕಿತ್ತ ಹೋಸ್ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಅದಕ್ಕೂ ಅಷ್ಟೇ ವಯಸ್ಸು.

ಕೈ ಹಾಕಿದ ಮೇಲೆ ಆ ಗೊಂಚಲಿನ ಎಲ್ಲಾ ಹೋಸ್‌ಗಳನ್ನೂ ಹಿಸುಕಿ ನೋಡಿ. ಒಂದು ಹೋಗಿದೆ ಅಂದರೆ ಉಳಿದವು ಸಾಲಿನಲ್ಲಿವೆ. ಚೆಕ್ ವಾಲ್ವನ್ನೂ ಬದಲಾಯಿಸಿಬಿಡಿ.

ಪೋಲೊ_ಹುಡ್ಗ, ಬೆಂಗಳೂರು

ಅಣ್ಣ, ಜೆ.ಸಿ. ರೋಡ್ ನಮ್ಮ ಮನೆಗೆ ಹತ್ತಿರ. ತುಂಗಾತೀರ ಅವರೇ, ನಂಬರ್ ಕಳಿಸಿ, ನಾನೇ ಹೋಗಿ ಕೇಳ್ತೀನಿ. ಸಿಕ್ಕರೆ ರಾತ್ರಿ ಬಸ್ಸಿಗೆ ಹಾಕ್ತೀನಿ.

ತುಂಗಾತೀರ, ಶಿವಮೊಗ್ಗ

ಮೊದಲು ಪೋಲೊ ಹುಡುಗನಿಗೆ ದೊಡ್ಡ ಧನ್ಯವಾದ. ಹೋಸು, ಚೆಕ್ ವಾಲ್ವು ಎರಡೂ ಹೊಸದೇ ಸಿಕ್ಕಿತು, ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ತಗೊಂಡೆ.

ಹಾಕಿದ ಮೇಲೆ ಮತ್ತೆ ಗಾಳಿ ತುಂಬಿ ನೋಡಿದೆವು. 7 ಪಿಎಸ್‌ಐಗೆ ಏರಿ ನಿಧಾನಕ್ಕೆ ಇಳಿಯುತ್ತೆ, ಎಲ್ಲೂ ಗುಳ್ಳೆ ಇಲ್ಲ. ಕೋಡ್ ಅಳಿಸಿ, ಬ್ಲಾಕ್ 060ರಲ್ಲಿ ಥ್ರಾಟಲ್ ಅಡಾಪ್ಟೇಶನ್ (ಥ್ರಾಟಲ್ ಸ್ಥಾನವನ್ನು ಕಂಪ್ಯೂಟರ್‌ಗೆ ಮತ್ತೆ ಕಲಿಸೋದು) ಮಾಡಿಸಿದೆ. ಸ್ಟಾರ್ಟ್ ಮಾಡಿದರೆ ನಡುಕವೇ ಇಲ್ಲ! ಒಂದಷ್ಟು ಓಡಿಸಿ ನೋಡಿದ ಮೇಲೆ 032ರಲ್ಲಿ ಮೊದಲನೇ ಸಂಖ್ಯೆ +1.2, ಎರಡನೇದು +5.5. ಐಡ್ಲಿಂಗ್ ಗಾಳಿ 2.8 ಗ್ರಾಂ. ಖಾಲಿ ರಸ್ತೆಯಲ್ಲಿ ಜೋರಾಗಿ ಎಳೆದಾಗ 117 ಗ್ರಾಂ ತೋರಿಸಿತು. ಕಪ್ಪು ಹೊಗೆ ಇಲ್ಲ. ಅಪ್ಪ ಪಕ್ಕದಲ್ಲಿ ಕೂತು 'ಈಗ ಗಾಡಿ ಮೊದಲಿನ ಹಾಗೆ ಆಯ್ತು ನೋಡು' ಅಂದರು.

ಒಂದು ಮಾತ್ರ ಉಳಿದಿದೆ. ಕಾಲು ಬಿಟ್ಟಾಗ ಢಂ ಅನ್ನೋದು ನಿಂತಿದೆ, ಆದರೆ ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಸುವಾಗ ಸಣ್ಣಗೆ ಪಟ ಪಟ ಅನ್ನುತ್ತೆ. ಮಿಶ್ರಣ ಸರಿಯಿದ್ದ ಮೇಲೂ ಇದ್ಯಾಕೆ?

ಹುಬ್ಬಳ್ಳಿ_ಟರ್ಬೊ

ಬಹಳ ಖುಷಿ ಆತು ಸರ್. ನನ್ನ ಬೆಲ್ಟಿನ ಅನುಮಾನ ಸುಳ್ಳಾದದ್ದೇ ಚಲೋ ಆತು, ಅದು ದೊಡ್ಡ ಖರ್ಚು. ಆದ್ರೂ ಬಹಳ ಕಾಲ ಆಗೇದ ಅಂದ್ರಲ್ಲ, ಬೆಲ್ಟ್ ಒಮ್ಮೆ ಬದಲಾಯಿಸಿಬಿಡ್ರಿ, ವಾಟರ್ ಪಂಪ್ ಸಮೇತ.

ಈ ಪಟ ಪಟಕ್ಕೆ ಎಕ್ಸಾಸ್ಟ್ ಸೋರಿಕೆ ನೋಡಿ. ಟರ್ಬೊದಿಂದ ಕೆಳಗೆ ಬರೋ ಪೈಪು ಮುಂದಿನದಕ್ಕೆ ಸೇರೋ ಕಡೆ ಪ್ಯಾಕಿಂಗ್ ಸುಟ್ಟಿದ್ದರೆ ಹೊರಗಿನ ಗಾಳಿ ಒಳಗೆ ಹೋಗಿ ಸಿಡಿಯುತ್ತೆ. ಜಾಯಿಂಟ್ ಸುತ್ತ ಮಸಿಯ ಗೆರೆ ಇರುತ್ತೆ, ಅದೇ ಗುರುತು.

ಸ್ಪಾನರ್_ಅಣ್ಣ, ಮಂಗಳೂರು

ಹುಬ್ಬಳ್ಳಿಯವರು ಹೇಳಿದ್ದೇ ಸರಿ. ಜೊತೆಗೆ ಆ ಸೋರಿಕೆ ಹೊಗೆಯಲ್ಲಿನ ಆಮ್ಲಜನಕ ಅಳೆಯೋ ಆಕ್ಸಿಜನ್ ಸೆನ್ಸರ್‌ಗಿಂತ ಮೊದಲಿದ್ದರೆ ಹೊರಗಿನ ಗಾಳಿ ನೋಡಿ ಸೆನ್ಸರ್ 'ಮಿಶ್ರಣ ತೆಳು' ಅನ್ನುತ್ತೆ, ಕಂಪ್ಯೂಟರ್ ಸುಮ್ನೆ ಪೆಟ್ರೋಲು ಜಾಸ್ತಿ ಮಾಡುತ್ತೆ. ನಿಮ್ಮ ಸಂಖ್ಯೆ ನೋಡಿದರೆ ಸೆನ್ಸರ್ ಆದಮೇಲೆ ಇರಬೇಕು ಅನ್ನಿಸುತ್ತೆ.

ಡೈವರ್ಟರ್ ವಾಲ್ವನ್ನೂ ಒಮ್ಮೆ ಪರೀಕ್ಷಿಸಿ, ಬಿಚ್ಚೋದು ಸುಲಭ. ಒಳಗಿನ ಪಿಸ್ಟನನ್ನು ಬೆರಳಿನಿಂದ ಮೇಲಕ್ಕೆ ಒತ್ತಿ, ಸಣ್ಣ ವ್ಯಾಕ್ಯೂಮ್ ಮೂತಿಯನ್ನು ಇನ್ನೊಂದು ಬೆರಳಿನಿಂದ ಮುಚ್ಚಿ, ಒತ್ತಿದ ಬೆರಳು ಬಿಡಿ. ಮೇಲೇ ನಿಂತರೆ ಪೊರೆ ಸರಿಯಿದೆ. ತಟ್ಟನೆ ಕೆಳಗೆ ಬಂದರೆ ಹರಿದಿದೆ.

ತುಂಗಾತೀರ, ಶಿವಮೊಗ್ಗ

ಡೈವರ್ಟರ್ ವಾಲ್ವ್ ನಿಂತಿತು, ಅದು ಸರಿಯಿದೆ. ಗಾಡಿ ಎತ್ತಿ ನೋಡಿದರೆ ಕನ್ವರ್ಟರ್ ಆದಮೇಲಿನ ಜಾಯಿಂಟಿನಲ್ಲಿ ಮಸಿ ಹರಡಿದೆ. ಒಂದು ಬೋಲ್ಟ್ ತುಕ್ಕು ಹಿಡಿದು ಸಡಿಲ, ಪ್ಯಾಕಿಂಗ್ ಅರ್ಧ ಸುಟ್ಟು ಹೋಗಿದೆ. ಹೊಸ ಪ್ಯಾಕಿಂಗ್ ಹಾಕಿಸಿದೆ, ಪಟ ಪಟ ನಿಂತಿತು. ಕನ್ವರ್ಟರ್ ತಟ್ಟಿ ನೋಡಿದರು, ಒಳಗೆ ಪುಡಿಯಾದ ಸದ್ದಿಲ್ಲ.

ದುಬೈ_ಕನ್ನಡಿಗ

ಇಷ್ಟೆಲ್ಲ ಓದಿ ನಾನೂ ನನ್ನ ಎ4ನ ಅದೇ ಹೋಸ್ ಹಿಸುಕಿ ನೋಡಿದೆ, ಮೆತ್ತಗಾಗಿದೆ. ಆರ್ಡರ್ ಮಾಡಿದೀನಿ. ಚೆಕ್ ವಾಲ್ವ್ ಕೂರಿಸುವಾಗ ದಿಕ್ಕು ಹೇಗೆ ಗೊತ್ತಾಗುತ್ತೆ ಅಣ್ಣ? ನನ್ನ ಹಳೇದರ ಮೇಲೆ ಗುರುತು ಅಳಿಸಿಹೋಗಿದೆ.

ಸ್ಪಾನರ್_ಅಣ್ಣ, ಮಂಗಳೂರು

ಬಾಯಿಂದ ಊದಿ ನೋಡಿ. ಯಾವ ಕಡೆಯಿಂದ ಊದಿದರೆ ಗಾಳಿ ಹೋಗುತ್ತೋ ಆ ಕಡೆ ಕ್ರ್ಯಾಂಕ್‌ಕೇಸ್‌ಗೆ, ಯಾವ ಕಡೆಯಿಂದ ಊದಿದರೆ ಹೋಗಲ್ವೋ ಆ ಕಡೆ ಮ್ಯಾನಿಫೋಲ್ಡ್‌ಗೆ. ಹಳೇದನ್ನು ಊದಬೇಡಿ, ಎಣ್ಣೆ ಬಾಯಿಗೆ ಬರುತ್ತೆ, ಹೊಸದನ್ನು ಊದಿ. ಎರಡೂ ಕಡೆಯಿಂದ ಗಾಳಿ ಹೋದರೆ ವಾಪಸ್ ಕೊಟ್ಟು ಬೇರೆ ತಗೊಳ್ಳಿ.